ಡೀಕೋಕಿಂಗ್

ಡೀಕೋಕಿಂಗ್ ಎಂಬುದು ಪೆಟ್ರೋರಾಸಾಯನಿಕ ಸ್ಥಾವರಗಳು ಹಾಗೂ ತೈಲ ಸಂಸ್ಕರಣಾಗಾರಗಳ ಕುಲುಮೆಗಳಲ್ಲಿ, ಕೊಳವೆಸುರುಳಿಗಳ ಒಳಮೈಗೆ ಅಂಟಿಕೊಂಡ ಕೋಕ್ ಅನ್ನು ತೆಗೆಯುವ ಪ್ರಕ್ರಿಯೆ. ಕೋಕ್ ಬಹುಪಾಲು ಇಂಗಾಲದಿಂದ ಕೂಡಿದ ಗಟ್ಟಿಯಾದ ಕಪ್ಪು ಪದಾರ್ಥ.

ಕೋಕ್ ಉಂಟಾಗುವ ಬಗೆ

ಎಥಿಲೀನ್ ತಯಾರಿಕೆಯಲ್ಲಿ ನಾಫ್ತಾ, ಈಥೇನ್ ಮೊದಲಾದ ಹೈಡ್ರೋಕಾರ್ಬನ್‌ಗಳನ್ನು ಹಬೆಯೊಂದಿಗೆ ಬೆರೆಸಿ, ಕುಲುಮೆಯ ಸುರುಳಿಗಳಲ್ಲಿ ಸುಮಾರು 800ರಿಂದ 875 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಲಾಗುತ್ತದೆ. ಒಂದು ಸೆಕೆಂಡಿಗೂ ಕಡಿಮೆ ಅವಧಿಯಲ್ಲಿ ಅಣುಗಳು ಒಡೆದು ಎಥಿಲೀನ್, ಪ್ರೊಪಿಲೀನ್ ಮುಂತಾದವು ಉಂಟಾಗುತ್ತವೆ. ಜೊತೆಗೆ ಸ್ವಲ್ಪ ಕೋಕ್ ಕೂಡ ಸಂಗ್ರಹವಾಗುತ್ತದೆ. ಕೊಳವೆಯ ಮಿಶ್ರಲೋಹದಲ್ಲಿರುವ ನಿಕ್ಕಲ್ ಮತ್ತು ಕಬ್ಬಿಣ ಈ ಕ್ರಿಯೆಗೆ ವೇಗವರ್ಧಕಗಳಾಗುತ್ತವೆ. ಇದನ್ನು ತಗ್ಗಿಸಲು ಅಲ್ಪ ಪ್ರಮಾಣದ ಗಂಧಕದ ಸಂಯುಕ್ತಗಳನ್ನು ಸೇರಿಸುವುದುಂಟು.

ಪರಿಣಾಮಗಳು

ಕೋಕ್‌ನ ಉಷ್ಣವಾಹಕತೆ ಲೋಹದ್ದಕ್ಕಿಂತ ಬಹಳ ಕಡಿಮೆ. ಆದ್ದರಿಂದ ಪದರ ದಪ್ಪವಾದಂತೆ ಒಳಗಿನ ಅನಿಲವನ್ನು ಮೊದಲಿನಷ್ಟೇ ಕಾಯಿಸಲು ಹೆಚ್ಚು ಇಂಧನ ಉರಿಸಬೇಕಾಗುತ್ತದೆ ಮತ್ತು ಕೊಳವೆಯ ಲೋಹದ ತಾಪ ಏರುತ್ತದೆ. ಮಾರ್ಗ ಕಿರಿದಾಗಿ ಒತ್ತಡದ ಇಳಿತ ಹೆಚ್ಚುತ್ತದೆ. ಲೋಹದ ತಾಪ ಸುಮಾರು 1100 ಡಿಗ್ರಿಯನ್ನು ಸಮೀಪಿಸಿದಾಗ ಅಥವಾ ಒತ್ತಡದ ಇಳಿತ ಮಿತಿ ಮುಟ್ಟಿದಾಗ ಕುಲುಮೆಯನ್ನು ಡೀಕೋಕಿಂಗ್‌ಗೆ ಒಳಪಡಿಸಲಾಗುತ್ತದೆ. ತಡಮಾಡಿದರೆ ಇಂಗಾಲ ಲೋಹದೊಳಗೆ ಸೇರಿ ಕೊಳವೆ ಪೆಡಸಾಗುತ್ತದೆ; ಅದು ಬಿರಿಯಲೂಬಹುದು.

ವಿಧಾನಗಳು

ಹಬೆ ಮತ್ತು ಗಾಳಿಯ ವಿಧಾನ: ಮೊದಲು ಹೈಡ್ರೋಕಾರ್ಬನ್ ಪೂರೈಕೆಯನ್ನು ನಿಲ್ಲಿಸಿ, ಮುಂದಿನ ಘಟಕಗಳಿಂದ ಕುಲುಮೆಯನ್ನು ಬೇರ್ಪಡಿಸಲಾಗುತ್ತದೆ. ಗಾಳಿಯು ಹೈಡ್ರೋಕಾರ್ಬನ್ ಇರುವ ಭಾಗವನ್ನು ಸೇರಿದರೆ ಸ್ಫೋಟದ ಅಪಾಯವಿರುವುದರಿಂದ ಈ ಹಂತ ಮುಖ್ಯವಾದುದು. ನಂತರ ಹಬೆಯ ಹರಿವಿಗೆ ಗಾಳಿಯನ್ನು ಸ್ವಲ್ಪಸ್ವಲ್ಪವಾಗಿ ಸೇರಿಸಿ ಕೋಕ್ ಅನ್ನು ಸುಡಲಾಗುತ್ತದೆ. ದಹನವು ಶಾಖವನ್ನು ಹೊರಸೂಸುವುದರಿಂದ ಗಾಳಿ ಒಮ್ಮೆಲೇ ಹೆಚ್ಚಾದರೆ ಕೊಳವೆಗೇ ಹಾನಿಯಾಗುತ್ತದೆ. ಹೊರಬರುವ ಅನಿಲದಲ್ಲಿ ಇಂಗಾಲದ ಡೈಆಕ್ಸೈಡ್ ತೀರ ಕಡಿಮೆಯಾದಾಗ ಸುಡುವಿಕೆ ಮುಗಿದಿದೆ ಎಂದು ತಿಳಿಯಲಾಗುತ್ತದೆ.

ಸ್ಪಾಲಿಂಗ್: ತಾಪವನ್ನು ಏರಿಳಿಸಿದಾಗ ಕೋಕ್ ಮತ್ತು ಲೋಹ ಬೇರೆಬೇರೆ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಕೋಕ್ ಚಕ್ಕೆಗಳಾಗಿ ಕಳಚುತ್ತದೆ, ಹಬೆ ಅವನ್ನು ಹೊರಗೆ ಒಯ್ಯುತ್ತದೆ. ಚಕ್ಕೆಗಳು ತಿರುವುಗಳಲ್ಲಿ ಸಿಲುಕುವ ಸಾಧ್ಯತೆಯಿದೆ.

ಪಿಗ್ಗಿಂಗ್: ಕುಲುಮೆ ತಣಿದ ಮೇಲೆ, ಲೋಹದ ಮೊನೆಗಳಿರುವ ಬಿರಡೆಯಂಥ ಸಾಧನವನ್ನು ನೀರಿನ ಒತ್ತಡದಿಂದ ಕೊಳವೆಯೊಳಗೆ ನೂಕಿ ಕೋಕ್ ಅನ್ನು ಕೆರೆದು ತೆಗೆಯಲಾಗುತ್ತದೆ. ಸಂಸ್ಕರಣಾಗಾರಗಳ ಕುಲುಮೆಗಳಲ್ಲಿ ಇದರ ಬಳಕೆ ಹೆಚ್ಚು.

ಕರ್ನಾಟಕದಲ್ಲಿ

1988ರಲ್ಲಿ ಸ್ಥಾಪನೆಯಾದ ಮಂಗಳೂರು ರಿಫೈನರಿ ಅಂಡ್ ಪೆಟ್ರೋಕೆಮಿಕಲ್ಸ್ ಲಿಮಿಟೆಡ್ (ಎಂಆರ್‌ಪಿಎಲ್) ಸಂಸ್ಥೆಯ ಸಂಸ್ಕರಣಾಗಾರ ಸುರತ್ಕಲ್ ಸಮೀಪದಲ್ಲಿದೆ. ಅದರ ಮೂರನೇ ಹಂತದ ವಿಸ್ತರಣೆಯಲ್ಲಿ ಡಿಲೇಡ್ ಕೋಕರ್ ಘಟಕ ಸೇರಿತು. ಈ ಬಗೆಯ ಘಟಕಗಳಲ್ಲಿ ಕಚ್ಚಾತೈಲದ ಭಾರವಾದ ಶೇಷವನ್ನು ಕುಲುಮೆಯಲ್ಲಿ ಸುಮಾರು 500 ಡಿಗ್ರಿಗೆ ಕಾಯಿಸಿ, ಕೋಕ್ ಆಗುವ ಕ್ರಿಯೆ ಮುಂದಿನ ಡ್ರಮ್‌ಗಳಲ್ಲಿ ನಡೆಯುವಂತೆ ವಿಳಂಬಿಸಲಾಗುತ್ತದೆ. ಘಟಕದ ಹೆಸರು ಬಂದಿರುವುದು ಇದರಿಂದಲೇ. ಡ್ರಮ್‌ನಲ್ಲಿ ಸಿಗುವ ಕೋಕ್ ಮಾರಾಟದ ಉತ್ಪನ್ನವಾದರೆ, ಕುಲುಮೆಯ ಕೊಳವೆಯಲ್ಲಿ ನಿಲ್ಲುವ ಕೋಕ್ ಅಡಚಣೆ. ಹೀಗಾಗಿ ಇಂಥ ಘಟಕಗಳ ಕುಲುಮೆಗಳಿಗೂ ಡೀಕೋಕಿಂಗ್ ಅಗತ್ಯವಾಗುತ್ತದೆ.