ಕಲ್ಯಾಣದಲ್ಲಿ ನಿಂತ ಗಾಡಿ

ಕಲ್ಯಾಣ ಜಂಕ್ಷನ್ನಿನಲ್ಲಿ ಇಳಿಯುವವರಿಗೂ ಹತ್ತುವವರಿಗೂ ನಡೆಯುವ ಜಗ್ಗಾಟ ನಮಗೆ ನಿತ್ಯದ್ದು. 1897ರಲ್ಲಿ ಇದೇ ನಿಲ್ದಾಣದಲ್ಲಿ ಮುಂಬಯಿಯಿಂದ ಬಂದವರನ್ನು ಇಳಿಸಿ, ಸಾಲಾಗಿ ನಿಲ್ಲಿಸಿ ಪರೀಕ್ಷಿಸುತ್ತಿದ್ದರು. ಮೈ ಸುಡುತ್ತಿದೆಯೇ, ಕಂಕುಳಲ್ಲಿ, ತೊಡೆಸಂದಿಯಲ್ಲಿ ಗಡ್ಡೆಯಿದೆಯೇ? ಇದ್ದವರ ಪ್ರಯಾಣ ಅಲ್ಲಿಗೇ ಮುಗಿಯಿತು. ಪುಣೆಗೂ ನಾಸಿಕಕ್ಕೂ ಹಳಿ ಕವಲೊಡೆಯುವುದು ಇಲ್ಲಿಯೇ ಆದ್ದರಿಂದ, ಒಂದು ಬಾಗಿಲಲ್ಲಿ ಕಾವಲಿಟ್ಟರೆ ಎರಡು ದಾರಿಗಳನ್ನು ಕಾಯಬಹುದಿತ್ತು.

ಕಾಯಬೇಕಾದ ಹೊತ್ತು ಆಗಲೇ ಮೀರಿತ್ತೆನ್ನಬೇಕು. 1896ರ ಸೆಪ್ಟೆಂಬರಿನಲ್ಲಿ ಮಾಂಡವಿಯ ಕಾಳಿನ ಗೋದಾಮುಗಳ ನಡುವೆ ಡಾ. ಅಕಾಸಿಯೊ ವಿಯೆಗಾಸ್ ಈ ಜ್ವರ ಪ್ಲೇಗೆಂದು ಗುರುತಿಸಿದರು. ಪಾಲಿಕೆ ಚರಂಡಿಗಳಿಗೆ ನೀರು ನುಗ್ಗಿಸಿತು, ಗೋಡೆಗಳಿಗೆ ಸುಣ್ಣ ಬಳಿಯಿತು. ಇಲಿಯ ಮೈಯ ಚಿಗಟವೇ ರೋಗವನ್ನು ಹೊರುತ್ತದೆಂದು ಸಿಮೊಂಡ್ ತೋರಿಸಿದ್ದು 1898ರಲ್ಲಿ. ಅಷ್ಟರವರೆಗೆ ಬಿಲ ತೊಳೆದು ಇಲಿಗಳನ್ನು ಪಕ್ಕದ ಮನೆಗೆ ಅಟ್ಟಿದ್ದನ್ನೂ ಶುಚಿತ್ವವೆಂದೇ ಭಾವಿಸಲಾಗಿತ್ತು!

ಆದರೆ ಜನ ರೋಗಕ್ಕಿಂತ ಹೆಚ್ಚಾಗಿ ಆಸ್ಪತ್ರೆಗೆ ಹೆದರಿದರು. ಒಳಗೆ ಹೋದವರು ಮರಳುವುದಿಲ್ಲವೆಂಬ ಮಾತು ಹಬ್ಬಿತು. ಅಕ್ಟೋಬರ್ 29ರಂದು ಸುಮಾರು ಸಾವಿರ ಮಂದಿ ಗಿರಣಿ ಕಾರ್ಮಿಕರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಮುಗಿಬಿದ್ದರು. ಎಂಟು ಲಕ್ಷಕ್ಕೂ ಮಿಕ್ಕ ಜನರಿದ್ದ ನಗರದಿಂದ ಕೆಲವೇ ತಿಂಗಳುಗಳಲ್ಲಿ ಲಕ್ಷಗಟ್ಟಲೆ ಮಂದಿ ಊರಿಗೆ ಹೊರಟರು; ರೋಗವೂ ಅವರೊಡನೆ ಗಾಡಿ ಹತ್ತಿತು.

ಸರ್ಕಾರದ ಉತ್ತರ 1897ರ ಫೆಬ್ರವರಿಯ ಸಾಂಕ್ರಾಮಿಕ ರೋಗಗಳ ಕಾಯಿದೆ. (2020ರಲ್ಲಿ ನಮ್ಮನ್ನು ಮನೆಯೊಳಗಿರಿಸಿದ ಕಾಯಿದೆಗಳಲ್ಲಿ ಅದೂ ಒಂದು.) ಪುಣೆಯಲ್ಲಿ ಸೈನಿಕರು ಅಡುಗೆಮನೆ, ದೇವರಮನೆಗಳಿಗೂ ನುಗ್ಗಿದರು, ಜೂನ್ 22ರಂದು ಚಾಪೇಕರ್ ಸಹೋದರರು ಪ್ಲೇಗ್ ಅಧಿಕಾರಿ ರ್‍ಯಾಂಡನಿಗೆ ಗುಂಡಿಕ್ಕಿದರು. 1898ರ ಮಾರ್ಚಿನಲ್ಲಿ ಮುಂಬಯಿಯೂ ಗಲಭೆಯೆದ್ದ ಮೇಲೆ ಆಡಳಿತ ಬಿಗಿಹಿಡಿತವನ್ನು ಸಡಿಲಿಸಿತು. ಆಯಾ ಸಮುದಾಯಗಳೇ ಆಸ್ಪತ್ರೆ ನಡೆಸಲು ಅವಕಾಶ ದೊರೆತಿತ್ತು. ತಮ್ಮವರೇ ನೀರು ಕೊಡುವ, ತಮ್ಮವರೇ ಕೊನೆಯ ಕ್ಷಣದಲ್ಲಿ ಬಳಿ ಕೂರುವ ಜಾಗಕ್ಕೆ ರೋಗಿಯನ್ನು ಒಪ್ಪಿಸಲು ಮನೆಯವರು ಅಷ್ಟು ಹಿಂಜರಿಯಲಿಲ್ಲ. ಈ ಬದಲಾವಣೆ ಮೊದಲ ತಿಂಗಳಲ್ಲೇ ಆಗಬಹುದಿತ್ತೆಂದು ನನಗನ್ನಿಸುತ್ತದೆ. ಅದಕ್ಕೆ ಹೊಸ ವಿಜ್ಞಾನವೇನೂ ಬೇಕಿರಲಿಲ್ಲ.

ಹೊಸ ವಿಜ್ಞಾನ ಬೈಕುಲಾದ ಗ್ರಾಂಟ್ ವೈದ್ಯಕೀಯ ಕಾಲೇಜಿನ ಒಂದು ಕೋಣೆಯಲ್ಲಿ ಸಿದ್ಧವಾಗುತ್ತಿತ್ತು. ವಾಲ್ಡೆಮಾರ್ ಹಾಫ್ಕಿನ್ 1897ರ ಜನವರಿ 10ರಂದು ತನ್ನ ಲಸಿಕೆಯನ್ನು ಮೊದಲು ತನಗೇ ಚುಚ್ಚಿಸಿಕೊಂಡರು. ಮರುವರ್ಷ, ಮುಂಬಯಿಯ ಮಾರಿ ಹುಬ್ಬಳ್ಳಿಯನ್ನೂ ಮುಟ್ಟಿದಾಗ, ಅಲ್ಲಿ ಸಾವಿರಾರು ಜನ ಅದೇ ಲಸಿಕೆಗೆ ತೋಳೊಡ್ಡಿದರು.