ನ್ಯೂರೆಂಬರ್ಗಿನ ಎರಡು ದಿನಗಳು

ಜರ್ಮನಿಯ ನ್ಯೂರೆಂಬರ್ಗ್ ಎಂದೊಡನೆ ನನಗೆ ನೆನಪಾಗುತ್ತಿದ್ದುದು 1935ರ ಸೆಪ್ಟೆಂಬರ್ 15. ಯೆಹೂದ್ಯರ ಪೌರತ್ವವನ್ನು ಕಸಿದು, ಜರ್ಮನರೊಡನೆ ಅವರ ವಿವಾಹವನ್ನು ನಿಷೇಧಿಸಿದ ಶಾಸನಗಳು ಹೊರಟದ್ದು ಅಲ್ಲಿಂದಲೇ. ಅದೇ ಊರಿನಲ್ಲಿ 2004ರ ಡಿಸೆಂಬರ್ 10ರಂದು, ಯುನೆಸ್ಕೋ ಪ್ರೇರಣೆಯಿಂದ, ಯೂರೋಪಿನ ನಗರಗಳು ಜನಾಂಗದ್ವೇಷದ ವಿರುದ್ಧ ಒಕ್ಕೂಟ ಕಟ್ಟಿದುವೆಂದು ಓದಿದಾಗ, ಕಳ್ಳನ ಕೈಗೆ ಕೀಲಿಕೈ ಕೊಟ್ಟಂತಾಯಿತಲ್ಲ ಎನ್ನಿಸಿತು. ಆದರೆ ಅವು ಒಪ್ಪಿಕೊಂಡ ಹತ್ತು ಅಂಶಗಳನ್ನು ನೋಡಿದ ಮೇಲೆ ನನ್ನ ಕುಹಕ ಅಡಗಿತು. ವಾಸಕ್ಕೆ ಮನೆ ದೊರಕುವಲ್ಲಿ ನ್ಯಾಯ, ನಗರಸಭೆಯ ನೌಕರಿಯಲ್ಲಿ ಸಮಾನಾವಕಾಶ, ಶಿಕ್ಷಣ, ನೊಂದವರಿಗೆ ಆಸರೆ: ಬಹುಮಟ್ಟಿಗೆ ಊರಿನ ಕಚೇರಿಗಳ ಕೈಗೆಟಕುವ ಕೆಲಸಗಳೇ. ಇವು ಸಣ್ಣವೆಂದು ಯಾರಾದರೂ ಮೂಗು ಮುರಿದಾರು. ಶಾಸನವನ್ನು ಮಾಡಿದವನು ಹಿಟ್ಲರನೇ ಸರಿ. ಆದರೆ ಮದುವೆಯಾಗಲು ಬಂದ ಜೋಡಿಯನ್ನು ಹಿಂದಕ್ಕೆ ಕಳುಹಿಸಿದವನು ಆಯಾ ಊರಿನ ವಿವಾಹ ನೋಂದಣಿಯ ಅಧಿಕಾರಿ.