ಎರಡನೇ ಗುಂಡು

ಕೆಲಸಕ್ಕೆಂದು ಕೊಡಗಿನಿಂದ ಬೆಂಗಳೂರಿಗೆ ಬಂದು ವೈಟ್‌ಫೀಲ್ಡಿನ ಅಪಾರ್ಟ್‌ಮೆಂಟಿನಲ್ಲೋ ಎಲೆಕ್ಟ್ರಾನಿಕ್ ಸಿಟಿಯ ಬಾಡಿಗೆ ಮನೆಯಲ್ಲೋ ನೆಲೆಸಿದ ಕೊಡವರು ಮನೆಯಲ್ಲಿ ಎಷ್ಟು ತೋಟಾ ಇಟ್ಟುಕೊಳ್ಳಬಹುದು? ಅವರಿಗೆ ಕೋವಿ ಲೈಸೆನ್ಸಿನಿಂದ ವಿನಾಯಿತಿ ಕೊಟ್ಟಿರುವ ಸರ್ಕಾರಿ ಅಧಿಸೂಚನೆ ಇದನ್ನು ದಿನಸಿ ಚೀಟಿಯಷ್ಟು ಖಚಿತವಾಗಿ ಬರೆದಿಟ್ಟಿದೆ. ಕೊಡಗಿನ ಹೊರಗೆ ವಾಸವಿದ್ದಾಗ, ಪ್ರಯಾಣದಲ್ಲಿದ್ದಾಗ, ಒಂದು ರೈಫಲ್ ಮತ್ತು ಅದಕ್ಕೆ 100 ತೋಟಾ. ಒಂದು ಚರೆ ಕೋವಿ ಮತ್ತು ಅದಕ್ಕೆ 500 ತೋಟಾ. ಅಷ್ಟೇ. ಬಂದೂಕಿನಷ್ಟೇ ಗಮನ ಅದರ ಹಿಂದಿನ ದಾಸ್ತಾನಿನ ಮೇಲೂ ಹರಿದಿರುವುದನ್ನು ಗಮನಿಸಬೇಕು. ಒಂದು ಗುಂಡು ಹಾರಿದ ಮೇಲೆ ಇನ್ನೊಂದು ಎಷ್ಟು ಬೇಗ, ಎಷ್ಟು ಸಲ ಸಿಗಬೇಕು ಎನ್ನುವುದು ಈ ನಾಡಿನಲ್ಲಿ ಯಾವತ್ತೂ ಬರೀ ಗುರಿಕಾರನ ಇಷ್ಟದ ಮಾತಾಗಿರಲಿಲ್ಲ.

1834ರಲ್ಲಿ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಇಂಗ್ಲಿಷರು ಕೊಡಗನ್ನು ವಶಪಡಿಸಿಕೊಂಡರು. 1857ರ ದಂಗೆಯ ನಂತರ ದೇಶದ ತುಂಬ ಜನರಿಂದ ಆಯುಧ ಕಿತ್ತುಕೊಳ್ಳುವ ಕೆಲಸ ಶುರುವಾದಾಗ ಕೊಡವರನ್ನು ಮಾತ್ರ ಹೊರಗಿಡಲಾಯಿತು. 1861ರಲ್ಲಿ ಆ ಆದೇಶ ಹೊರಡಿಸಿದವರು ಮೈಸೂರು ಮತ್ತು ಕೊಡಗಿನ ಕಮಿಷನರ್ ಮಾರ್ಕ್ ಕಬ್ಬನ್. ಬೆಂಗಳೂರಿನ ಕಬ್ಬನ್ ಪಾರ್ಕಿಗೆ ಹೆಸರು ಕೊಟ್ಟವರೇ. 1878ರ ಶಸ್ತ್ರಾಸ್ತ್ರ ಕಾಯ್ದೆ ಬಂದಾಗಲೂ ವಿನಾಯಿತಿ ಉಳಿಯಿತು, ಸ್ವಾತಂತ್ರ್ಯದ ನಂತರದ 1959ರ ಕಾಯ್ದೆಯಲ್ಲೂ ಉಳಿಯಿತು. ಕೊಡವರ ಜೊತೆಗೆ ಜಮ್ಮಾ ಎಂಬ ವಂಶಪಾರಂಪರ್ಯದ ಜಮೀನಿನ ಹಿಡುವಳಿದಾರರೂ ಇದರ ಹಕ್ಕುದಾರರು. ಬಿಳಿಯರು ಇದನ್ನು ನಿಷ್ಠೆಗೆ ಕೊಟ್ಟ ಬಹುಮಾನ ಎಂದುಕೊಂಡರು. ಕೊಡವರ ಮನೆಗಳಲ್ಲಿ ಮಾತ್ರ ಅದಕ್ಕೂ ಮೊದಲೇ ಕೋವಿ ಇತ್ತು. ಗಂಡು ಮಗು ಹುಟ್ಟಿದರೆ ಒಂದು ಈಡು, ಸಾವಾದರೆ ಎರಡು, ಹುತ್ತರಿ ಹಬ್ಬದಲ್ಲಿ ಕದಿರು ಕೊಯ್ಯುವಾಗ ಮತ್ತೆ ಈಡು. ಬೆಟ್ಟದಾಚೆಯವರಿಗೆ ಸುದ್ದಿ ಮುಟ್ಟುತ್ತಿದ್ದದ್ದೇ ಹಾಗೆ.

ಆ ಕಾಲದ ಕೇಪಿನ ಕೋವಿಯಲ್ಲಿ ಎರಡನೇ ಈಡು ಎಂದರೆ ಸಣ್ಣ ಕೆಲಸವಲ್ಲ. ಹಿಡಿಯನ್ನು ನೆಲಕ್ಕೂರಿ ಬಾಯಿಂದ ಮಸಿ, ಅಂದರೆ ಮದ್ದಿನ ಪುಡಿ, ಸುರಿಯಬೇಕು. ಮೇಲೆ ತೆಂಗಿನ ನಾರು ತುರುಕಿ ಗಜದಿಂದ ಜಡಿಯಬೇಕು. ನಂತರ ಚರೆಯೋ ಗುಂಡೋ, ಅದರ ಮೇಲೆ ಮತ್ತೆ ನಾರು, ಮತ್ತೆ ಗಜ. ಗಜ ತೆಗೆದು ಸ್ವಸ್ಥಾನಕ್ಕೆ ಸಿಕ್ಕಿಸಿ, ಕುದುರೆ ಹಿಂದಕ್ಕೆಳೆದು, ಕೇಪು ಕೂರಿಸಬೇಕು. ಮಳೆಗಾಲದಲ್ಲಿ ಮಸಿ ಥಂಡಿ ಹಿಡಿದಿದ್ದರೆ ಇಷ್ಟೆಲ್ಲ ಮಾಡಿಯೂ ಠುಸ್. ಇಷ್ಟರಲ್ಲಿ ಹಂದಿ ಮೂರು ಗುಡ್ಡ ದಾಟಿರುತ್ತಿತ್ತು. ಹಾಗಾಗಿ ಮಲೆನಾಡಿನ ಬೇಟೆಗಾರನ ಹೆಸರು ನಿಲ್ಲುತ್ತಿದ್ದದ್ದೂ ಬೀಳುತ್ತಿದ್ದದ್ದೂ ಮೊದಲ ಈಡಿನ ಮೇಲೆ. ಜೋಡಿ ನಳಿಗೆಯ ತೋಟಾ ಕೋವಿ ಬಂದ ಮೇಲೆ ಎರಡನೆಯದು ಬೆರಳ ತುದಿಗೆ ಸಿಕ್ಕಿತು. ಮೂರನೆಯದಕ್ಕೆ ಮತ್ತೆ ಸೊಂಟದ ಪಟ್ಟಿಗೇ ಕೈ ಹಾಕಬೇಕು.

ಕೈಲ್‌ಪೊಳ್ದ್ ಹಬ್ಬದ ಪಂದ್ಯ ಈ ಹಿನ್ನೆಲೆಯಿಂದಲೇ ಬಂದದ್ದು. ಭತ್ತದ ನಾಟಿ ಮುಗಿದು, ಸಾಮಾನ್ಯವಾಗಿ ಸೆಪ್ಟೆಂಬರ್ 3ಕ್ಕೆ ಬರುವ ಈ ಹಬ್ಬದಲ್ಲಿ ಕೋವಿ, ಒಡಿಕತ್ತಿಗಳನ್ನು ಒರೆಸಿ ಇಟ್ಟು ಪೂಜೆ ಮಾಡುತ್ತಾರೆ; ನಳಿಗೆಗೆ ತೋಕ್‌ಪೂ ಎಂಬ ಹೂ ಸಿಕ್ಕಿಸುತ್ತಾರೆ. ಕಡಂಬುಟ್ಟು, ಪಂದಿಕರಿ ಊಟದ ಹೊತ್ತಿನ ಸುತ್ತಮುತ್ತಲೇ ಬಯಲಲ್ಲಿ ತೆಂಗಿನಕಾಯಿಗೆ ಗುಂಡು ಹೊಡೆಯುವ ಸ್ಪರ್ಧೆ. ಹಿಂದೆ ಮರದ ಎತ್ತರದ ಕೊಂಬೆಗೆ ಕಾಯಿ ಕಟ್ಟುತ್ತಿದ್ದರು. ಈಗ ಸಂಘ ಸಂಸ್ಥೆಗಳು ಇದನ್ನು ವಿಭಾಗ ಮಾಡಿ ನಡೆಸುತ್ತವೆ: .22 ರೈಫಲ್, 12 ಬೋರ್ ಕೋವಿ, ಏರ್‌ಗನ್. ಹೆಂಗಸರೂ ಸಾಲಿನಲ್ಲಿ ನಿಲ್ಲುತ್ತಾರೆ. .22 ರೈಫಲಿನಲ್ಲಿ ಐದು ಗುಂಡು ತುಂಬಿಡುವ ಮ್ಯಾಗಝೀನ್ ಇದ್ದರೂ ಇಲ್ಲಿ ಅದರಿಂದ ದೊಡ್ಡ ಪ್ರಯೋಜನವಿಲ್ಲ. ಕಾಯಿ ಒಡೆಯಿತೋ ಇಲ್ಲವೋ, ಅಷ್ಟೇ ತೀರ್ಪು. ಕಾಯಿ ಕದಲಿತು, ಚಿಪ್ಪು ಸವರಿತು ಎಂಬ ವಾದವನ್ನು ಯಾರೂ ಕಿವಿಗೆ ಹಾಕಿಕೊಳ್ಳುವುದಿಲ್ಲ.

ಮ್ಯಾಗಝೀನ್ ಈ ನಾಡಿಗೆ ಬಂದದ್ದು ಬೇರೆ ದಾರಿಯಲ್ಲಿ, ದಂಡಿನ ಜೊತೆ. 1888ರಲ್ಲಿ ಬ್ರಿಟಿಷ್ ಸೈನ್ಯ ಲೀ-ಮೆಟ್‌ಫೋರ್ಡ್ ರೈಫಲನ್ನು ಆರಿಸಿಕೊಂಡಿತು. ಜೇಮ್ಸ್ ಪ್ಯಾರಿಸ್ ಲೀ ರೂಪಿಸಿದ ತಗಡಿನ ಪೆಟ್ಟಿಗೆ ಅದರ ಹೊಟ್ಟೆಯಡಿ ಕೂತಿತು. ಮೊದಲು ಎಂಟು ತೋಟಾ, ಆಮೇಲೆ ಹತ್ತು. ಆದರೆ ಅಧಿಕಾರಿಗಳಿಗೆ ಈ ಅನುಕೂಲವೇ ಭಯ ಹುಟ್ಟಿಸಿತು. ಸಿಪಾಯಿಗಳು ಗುರಿ ಇಡದೆ ತೋಟಾ ಸುರಿದುಬಿಟ್ಟರೆ? ಪೆಟ್ಟಿಗೆಯನ್ನೇ ಕಳೆದುಕೊಂಡರೆ? ಇವಕ್ಕೆ ಎರಡು ಉಪಾಯ ಮಾಡಿದರು. ಪೆಟ್ಟಿಗೆ ಕಳೆದುಹೋಗದಂತೆ ಅದನ್ನು ಬಂದೂಕಿಗೇ ಸಣ್ಣ ಸರಪಳಿಯಿಂದ ಬಿಗಿದರು. ಅದರ ಬಾಯಿ ಮುಚ್ಚುವ ಒಂದು ಲೋಹದ ತಟ್ಟೆಯನ್ನೂ ಇಟ್ಟರು. ತಟ್ಟೆ ಒಳಗೆ ತಳ್ಳಿದರೆ ಸಿಪಾಯಿ ಒಂದೊಂದೇ ತೋಟಾ ಕೈಯಿಂದ ತುಂಬಬೇಕು. ಪೆಟ್ಟಿಗೆಯಲ್ಲಿದ್ದದ್ದು ಅಪ್ಪಣೆಯಾಗುವ ತನಕ ಮೀಸಲು. ಹತ್ತು ಗುಂಡಿನ ಬಂದೂಕು ಕೊಟ್ಟು ಒಂದು ಗುಂಡಿನ ಬಂದೂಕಿನಂತೆ ಬಳಸಲು ಹೇಳಿದ ಈ ಬುದ್ಧಿವಂತಿಕೆಗೆ ಇವತ್ತು ನಗು ಬರಬಹುದು.

ಭಾರತೀಯ ಸಿಪಾಯಿಗಳ ಪಾಡು ಇನ್ನೂ ಬೇರೆ. 1857ರ ನಂತರ ಅವರ ಕೈಗೆ ಗೋರಾ ಸಿಪಾಯಿಗಿಂತ ಒಂದು ತಲೆಮಾರು ಹಳೆಯ ಬಂದೂಕು ಕೊಡುವುದೇ ನೀತಿಯಾಗಿತ್ತು. ಅಲ್ಲಿ ಮ್ಯಾಗಝೀನ್ ಬಂದಾಗ ಇಲ್ಲಿ ಒಂದು ಸಲಕ್ಕೆ ಒಂದೇ ತೋಟಾ ನುಂಗುವ ಮಾರ್ಟಿನಿ-ಹೆನ್ರಿ. ಎರಡನೇ ಗುಂಡನ್ನು ನಂಬಿಕೆಯ ಮೇಲೆ ಅಳೆದು ಹಂಚುತ್ತಿದ್ದರು ಎನ್ನಲು ಇದಕ್ಕಿಂತ ಸಾಕ್ಷಿ ಬೇಡ.

ಬೆಂಗಳೂರು ದಂಡುಪ್ರದೇಶದಲ್ಲಿ ಗುರಿ ಅಭ್ಯಾಸಕ್ಕೆ ನಾಗರಿಕರ ಪಡೆಯೊಂದಿತ್ತು. 1868ರಲ್ಲಿ ಹುಟ್ಟಿದ ಬ್ಯಾಂಗಲೋರ್ ರೈಫಲ್ ವಾಲಂಟಿಯರ್ಸ್ ಅದು. ಗುಮಾಸ್ತ, ವ್ಯಾಪಾರಿ, ರೈಲ್ವೆ ನೌಕರರಾಗಿದ್ದ ಯುರೋಪಿಯನ್ನರಿಗೂ ಆಂಗ್ಲೋ ಇಂಡಿಯನ್ನರಿಗೂ ಇಂಥ ಪಡೆಗಳ ಬಾಗಿಲು ತೆರೆದಿತ್ತು. ಸಾಮಾನ್ಯ ಭಾರತೀಯರಿಗೆ ಮುಚ್ಚಿತ್ತು. ವೈಟ್‌ಫೀಲ್ಡನ್ನು ಆಂಗ್ಲೋ ಇಂಡಿಯನ್ನರ ವಸಾಹತಾಗಿ ಕಟ್ಟಲು ಚಾಮರಾಜ ಒಡೆಯರು ಜಮೀನು ಕೊಟ್ಟದ್ದು 1882ರಲ್ಲಿ. ಅಂದರೆ ಆ ಕಾಲದ ವೈಟ್‌ಫೀಲ್ಡಿನ ಆಂಗ್ಲೋ ಇಂಡಿಯನ್ ಯುವಕನಿಗೆ ಸರ್ಕಾರಿ ರೈಫಲ್ ಹಿಡಿಯುವ ದಾರಿಯಿತ್ತು, ಪಕ್ಕದ ಹಳ್ಳಿಯ ರಾಗಿ ಬೆಳೆಗಾರನ ಮಗನಿಗೆ ಇರಲಿಲ್ಲ. ಕಾಂಗ್ರೆಸ್ಸು ತನ್ನ ಮೊದಮೊದಲ ವರ್ಷಗಳಲ್ಲೇ ಈ ತಾರತಮ್ಯವನ್ನು ಪ್ರಶ್ನಿಸಿತ್ತು.

ಸ್ವಾತಂತ್ರ್ಯ ಬಂದಿತು, ಅನುಮಾನ ಉಳಿಯಿತು. ಸೈನ್ಯ ಬಳಸುತ್ತಿದ್ದ .303 ಬೋರ್ ಸಾರ್ವಜನಿಕರಿಗೆ ನಿಷಿದ್ಧ. ಅದರ ಬದಲು ಸರ್ಕಾರಿ ಕಾರ್ಖಾನೆಯ .315 ಸ್ಪೋರ್ಟಿಂಗ್ ರೈಫಲ್. 1959ರ ಕಾಯ್ದೆ ಆಯುಧದ ಬಿಡಿಭಾಗವನ್ನೂ ಆಯುಧವೆಂದೇ ಎಣಿಸುತ್ತದೆ. ತಗಡು, ಸ್ಪ್ರಿಂಗು ಎಂದು ಹಗುರವಾಗಿ ಕಂಡರೂ ಬಿಡಿ ಮ್ಯಾಗಝೀನ್ ಅಂಗಡಿಯಲ್ಲಿ ಕೊಳ್ಳುವ ಬ್ಯಾಟು, ಬಾಲಿನ ಸಾಲಿಗೆ ಸೇರುವುದಿಲ್ಲ.

ಲೋಕಸಭೆಯ ಮೊದಲ ಸ್ಪೀಕರ್ ಜಿ.ವಿ. ಮಾವಳಂಕರ್ ಅವರ ಮುಂದಾಳತ್ವದಲ್ಲಿ 1951ರಲ್ಲಿ ರಾಷ್ಟ್ರೀಯ ರೈಫಲ್ ಸಂಸ್ಥೆ ಆರಂಭವಾಯಿತು. ಒಲಿಂಪಿಕ್ಸ್ ದಾರಿಯ ರೈಫಲ್ ಸ್ಪರ್ಧೆಗಳಲ್ಲಿ ಒಂದು ಸಲಕ್ಕೆ ಒಂದೇ ಗುಂಡು ತುಂಬುವುದು ನಿಯಮ. ಐವತ್ತು ಮೀಟರ್ ಮೂರು ಭಂಗಿಯ ಸ್ಪರ್ಧೆಯಲ್ಲಿ ಅರವತ್ತು ಗುಂಡು. ಅರವತ್ತನ್ನೂ ಬೆರಳಲ್ಲಿ ಹಿಡಿದು ಒಂದೊಂದಾಗಿ ನಳಿಗೆಗೆ ಸೇರಿಸಬೇಕು. ಬೆಂಗಳೂರಿನ ಪ್ರಕಾಶ್ ನಂಜಪ್ಪ ರಿಯೊ ಒಲಿಂಪಿಕ್ಸ್‌ನಲ್ಲಿ ಸ್ಪರ್ಧಿಸಿದ 50 ಮೀಟರ್ ಪಿಸ್ತೂಲಿಗೂ ಇದೇ ನಿಯಮವಿತ್ತು. ಮೊದಲ ಗುಂಡು ಕೆಟ್ಟರೆ ಸರಿಪಡಿಸಲು ಎರಡನೆಯದಕ್ಕೆ ಆಗುವುದಿಲ್ಲ ಎಂಬ ಕೊಡಗಿನ ಬಯಲಿನ ಲೆಕ್ಕ ಇಲ್ಲಿಯೂ ನಡೆಯುತ್ತದೆ.

ಎಲ್ಲ ಸ್ಪರ್ಧೆಗಳಲ್ಲೂ ಹೀಗಿಲ್ಲ. ಹಿಮದ ಮೇಲೆ ಸ್ಕೀ ಮಾಡುತ್ತ ಬಂದು ಗುಂಡು ಹೊಡೆಯುವ ಬಯಾಥ್ಲಾನಿನಲ್ಲಿ ಬಂದೂಕಿನ ಮೈಮೇಲೆಯೇ ಐದೈದು ಗುಂಡಿನ ಮ್ಯಾಗಝೀನುಗಳು ಸಿಕ್ಕಿಕೊಂಡಿರುತ್ತವೆ. ರಿಲೇಯಲ್ಲಿ ಐದು ಗುರಿಗೆ ಮೂರು ಹೆಚ್ಚುವರಿ ಗುಂಡು ಕೊಡುತ್ತಾರೆ, ಆದರೆ ಅವನ್ನು ಮರಗಟ್ಟಿದ ಬೆರಳಿನಿಂದ ಒಂದೊಂದೇ ತುಂಬಬೇಕು; ಸೋಲು ಗೆಲುವು ಎಷ್ಟೋ ಸಲ ಅಲ್ಲೇ ತೀರ್ಮಾನವಾಗುತ್ತದೆ. 1976ರಲ್ಲಿ ಅಮೆರಿಕದ ಮಿಸೌರಿಯಲ್ಲಿ ಹುಟ್ಟಿದ ಪ್ರಾಕ್ಟಿಕಲ್ ಶೂಟಿಂಗ್ ಒಕ್ಕೂಟದ ಪಂದ್ಯಗಳಲ್ಲಂತೂ ಓಡುತ್ತಲೇ ಮ್ಯಾಗಝೀನ್ ಬದಲಿಸಬೇಕು. ಎರಡನ್ನು ಅಕ್ಕಪಕ್ಕ ಬಿಗಿದುಕೊಂಡರೆ ಬದಲಾವಣೆ ಬೇಗ, ಆದರೆ ಬಂದೂಕು ಭಾರವಾಗಿ ಒಂದು ಗುರಿಯಿಂದ ಇನ್ನೊಂದಕ್ಕೆ ತಿರುಗುವಾಗ ಎಳೆಯುತ್ತದೆ. ಸೊಂಟದ ಚೀಲದಲ್ಲಿಟ್ಟರೆ ಬಂದೂಕು ಹಗುರ, ಕೈಗೆ ದೂರ. ಮಲಗಿ ಹೊಡೆಯುವಾಗ ಉದ್ದದ ಪೆಟ್ಟಿಗೆ ನೆಲಕ್ಕೆ ತಾಗುತ್ತದೆಂದು ಗಿಡ್ಡದ್ದೊಂದನ್ನು ಬೇರೆ ಇಟ್ಟುಕೊಳ್ಳುತ್ತಾರೆ. ಅರೆ-ಸ್ವಯಂಚಾಲಿತ ರೈಫಲ್ ಸಾಮಾನ್ಯರ ಕೈಗೆ ಸಿಗದ ನಮ್ಮಲ್ಲಿ ಈ ಚರ್ಚೆ ಹುಟ್ಟುವುದಕ್ಕೆ ಆಸ್ಪದವೇ ಇಲ್ಲ.

ಕುತೂಹಲದ ಸಂಗತಿಯೆಂದರೆ, ಮ್ಯಾಗಝೀನಿಗೆ ಬೇಕಾದ ಕಸುಬು ಬೆಂಗಳೂರಿಗೆ ಚೆನ್ನಾಗಿ ಗೊತ್ತು. ಮಡಿಸಿದ ತಗಡಿನ ಪೆಟ್ಟಿಗೆ, ತೋಟಾವನ್ನು ಮೇಲೆತ್ತುವ ತಟ್ಟೆ, ಅಡಿಯ ಮುಚ್ಚಳ, ಒಳಗೊಂದು ಸ್ಪ್ರಿಂಗ್. ಪೀಣ್ಯದ ಪ್ರೆಸ್ ಶಾಪುಗಳು ಇಂಥ ತಗಡಿನ ಕೆಲಸವನ್ನು ದಿನವಿಡೀ ಮಾಡುತ್ತವೆ. ಕಷ್ಟದ ಭಾಗ ಸ್ಪ್ರಿಂಗ್. ಪೆಟ್ಟಿಗೆ ತುಂಬಿದ್ದಾಗಲೂ ಕೊನೆಯ ಒಂದೇ ತೋಟಾ ಉಳಿದಾಗಲೂ ಅದು ಸರಿಯಾದ ಒತ್ತಡದಲ್ಲಿ ಎತ್ತಬೇಕು, ಸಾವಿರಾರು ಸಲ ಕುಗ್ಗಿ ಹಿಗ್ಗಿದರೂ ಸೋಲಬಾರದು. 1960ರಲ್ಲಿ ಜರ್ಮನ್ ಸಹಯೋಗದಿಂದ ಬೆಂಗಳೂರಿನಲ್ಲಿ ಆರಂಭವಾದ ಸ್ಟಂಪ್, ಶೂಲೆ ಅಂಡ್ ಸೋಮಪ್ಪ ಕಂಪನಿ ದಶಕಗಳ ಕಾಲ ಸ್ಪ್ರಿಂಗ್ ತಯಾರಿಸಿಯೇ ಹೆಸರಾಯಿತು. 2001ರಲ್ಲಿ ರಕ್ಷಣಾ ಉತ್ಪಾದನೆ ಖಾಸಗಿಯವರಿಗೆ ತೆರೆಯಿತು. ಅದೇ ಬಳಗದ ಎಸ್‌ಎಸ್‌ಎಸ್ ಡಿಫೆನ್ಸ್ ಇವತ್ತು ವೈಪರ್, ಸೇಬರ್ ಎಂಬ ಸ್ನೈಪರ್ ರೈಫಲುಗಳನ್ನು ತಯಾರಿಸುತ್ತದೆ; 2024ರಲ್ಲಿ .338 ಬೋರಿನ ರೈಫಲುಗಳು ಹೊರದೇಶಕ್ಕೂ ಹೋದವು. ಕೊಳ್ಳುವವರು ಸೈನ್ಯ, ಪೊಲೀಸರು. ಊರಿನ ಗುರಿಕಾರರಿಗೂ ಈ ಬಂದೂಕಿಗೂ ಸಂಬಂಧವಿಲ್ಲ.

ಕೊಡಗಿನ ವಿನಾಯಿತಿಯನ್ನು ಕೇಂದ್ರ ಸರ್ಕಾರ 2019ರಲ್ಲಿ ಹತ್ತು ವರ್ಷಕ್ಕೆ ವಿಸ್ತರಿಸಿತು. ಕೆಲವರಿಗೆ ಮಾತ್ರ ಹೀಗೆ ಕೊಡುವುದು ಸರಿಯೇ ಎಂದು ಪ್ರಶ್ನಿಸಿದ ಅರ್ಜಿಯನ್ನು 2021ರಲ್ಲಿ ಹೈಕೋರ್ಟ್ ತಳ್ಳಿಹಾಕಿ ವಿನಾಯಿತಿಯನ್ನು ಎತ್ತಿಹಿಡಿಯಿತು. 2029ರ ಅಕ್ಟೋಬರ್ 31ಕ್ಕೆ ಅವಧಿ ಮುಗಿಯುತ್ತದೆ. ಕಡತ ಮತ್ತೆ ದೆಹಲಿಯಲ್ಲಿ ತೆರೆಯಬೇಕು. ಅಷ್ಟರೊಳಗೆ ಈ ಪಂದ್ಯವನ್ನೊಮ್ಮೆ ನೋಡುವ ಮನಸ್ಸಿರುವ ಬೆಂಗಳೂರಿನವರು ಸೆಪ್ಟೆಂಬರ್ ಮೊದಲ ವಾರ ರಜೆ ಹಾಕಿ ಕೊಡಗಿಗೆ ಹೋಗಬಹುದು. ಕೊಡೆ ಮಾತ್ರ ಮರೆಯಬಾರದು.